ಅಪ್ಪನ ವಾಲಿ

ಸೋಮವಾರ ಕಾಸರಗೋಡು ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ: “ಇದರಲ್ಲಿ ಏನೂ ಇಲ್ಲ ಅಕ್ಕಾ, ಹಾಳಾಗಿದೆ.”

ಡಿಸ್ಕಿನ ಮೇಲೆ ಅಪ್ಪನ ಅಕ್ಷರವಿತ್ತು: ‘ವಾಲಿವಧೆ, 2004’. ನಮ್ಮ ಜಗಲಿಯಲ್ಲೇ ನಡೆದ ತಾಳಮದ್ದಳೆ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿಯ ಅರ್ಥ, ಎಂದರೆ ಮಾತುಗಾರಿಕೆ, ಅಪ್ಪನದು. ಅಂಗಡಿಯ ಹುಡುಗ ‘.ಡಿಎಟಿ’ ಎಂದು ಕೊನೆಗೊಳ್ಳುವ ಫೈಲನ್ನು ಒತ್ತಿದ. ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳಿತು. ಅಷ್ಟಕ್ಕೇ ತೀರ್ಪು ಕೊಟ್ಟು ಡಿಸ್ಕನ್ನು ಹಿಂದೆ ದೂಡಿದ. ಗೊತ್ತಿಲ್ಲ ಎಂದಿದ್ದರೆ ನನಗೆ ಬೇಸರವಿರಲಿಲ್ಲ. ನೋಡದೆಯೇ ‘ಏನೂ ಇಲ್ಲ’ ಎನ್ನುವುದನ್ನು ಮಾತ್ರ ನಾನು ಕ್ಷಮಿಸಲಾರೆ.

ಬದಿಯಡ್ಕದ ಬಸ್ಸು ಹಿಡಿದು ಮನೆಗೆ ಬಂದಾಗ ಅಣ್ಣನ ಮಗ ಇದ್ದ. ತಾಳ್ಮೆಯ ಹುಡುಗ. ಮೊದಲು ಫೈಲಿನ ಗಾತ್ರ ನೋಡಿದ. “ನಾನೂರು ಎಂಬಿ ಇದೆ ಅತ್ತೆ. ಏನೂ ಇಲ್ಲದಿದ್ದರೆ ಇಷ್ಟು ಭಾರ ಎಲ್ಲಿಂದ ಬಂತು?”

ಡಿಎಟಿ ಎಂದರೆ ಬರೀ ‘ದತ್ತಾಂಶ’ವಂತೆ. ಯಾವ ತಂತ್ರಾಂಶವಾದರೂ ಆ ಬಾಲವನ್ನು ತನ್ನ ಫೈಲಿಗೆ ಅಂಟಿಸಿಕೊಳ್ಳಬಹುದು. ಔಟ್‌ಲುಕ್ ಮೇಲ್‌ನೊಂದಿಗೆ ಕೆಲವೊಮ್ಮೆ ಬರುವ ವಿನ್‌ಮೇಲ್ ಕಡತವೂ ಡಿಎಟಿ, ಹಳೆಯ ವಿಸಿಡಿಯ (ವಿಡಿಯೊ ಸಿಡಿಯ) ಚಿತ್ರವೂ ಡಿಎಟಿ. ಆದ್ದರಿಂದ ಅವನು ಬಾಲ ಬಿಟ್ಟು ತಲೆ ನೋಡಿದ. ಫೈಲಿನ ಮೊದಲ ಬೈಟುಗಳನ್ನು ತೋರಿಸುವ ತಂತ್ರಾಂಶದಲ್ಲಿ ‘ಆರ್‌ಐಎಫ್‌ಎಫ್’, ತುಸು ಮುಂದೆ ‘ಸಿಡಿಎಕ್ಸ್‌ಎ’ ಎಂದಿತ್ತು. ಪಿಡಿಎಫ್ ಆಗಿದ್ದರೆ ಅಲ್ಲಿ ಪಿಡಿಎಫ್ ಎಂದೇ ಇರುತ್ತದೆ, ಜಿಪ್ ಆಗಿದ್ದರೆ ‘ಪಿಕೆ’. ಇಲ್ಲಿ ಕಂಡ ಆ ಎರಡು ಪದಗಳು ವಿಸಿಡಿ ಫೈಲಿನ ಗುರುತಂತೆ. ಹಾಗಾಗಿ ಇದು ವಿಸಿಡಿ ಎಂದು ಖಚಿತವಾಯಿತು. ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ತೆರೆದ.

ಚೆಂಡೆಯ ಸದ್ದು ಬಂತು. ಮಸುಕಾದ ಚಿತ್ರದಲ್ಲಿ ಅಪ್ಪ ಶಾಲು ಸರಿಪಡಿಸಿಕೊಂಡರು. “ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮಾ, ನನ್ನ ಮುಖ ನೋಡಿ ಒಂದು ಮಾತು ಕೇಳಬಾರದಿತ್ತೇ?” ಎಂದರು. ಅಲ್ಲಿಗೆ ಡಿಸ್ಕ್ ಮುಗಿಯಿತು. ಆ ಪ್ರಶ್ನೆಯನ್ನು ಎಷ್ಟು ಸಲ ಹಿಂದಕ್ಕೆ ಎಳೆದು ಕೇಳಿದೆನೋ.

ನಮ್ಮ ಕಡೆ ಮದುವೆ, ಕೋಲ, ಬಯಲಾಟ ಎಲ್ಲವೂ ಹೀಗೆ ವಿಸಿಡಿಗೆ ಇಳಿದ ಕಾಲವೊಂದಿತ್ತು. ಪ್ಲೇಯರ್ ಕೆಟ್ಟಿತು, ಡಿಸ್ಕುಗಳು ಅಟ್ಟ ಸೇರಿದವು. ಅವುಗಳಲ್ಲಿರುವ ದನಿಗಳ ಒಡೆಯರಲ್ಲಿ ಎಷ್ಟೋ ಮಂದಿ ಈಗಿಲ್ಲ.

ರಾಮನ ಉತ್ತರ ಎರಡನೆಯ ಡಿಸ್ಕಿನಲ್ಲಿರಬೇಕು. ತಟ್ಟನೆ ಅಲಸಂಡೆ ಚಪ್ಪರ ನೆನಪಾಗಿ ಓಡಿದೆ. ಹಕ್ಕಿ ಬೆದರಲಿ ಎಂದು ಕಳೆದ ವರ್ಷ ನಾನೇ ಕಟ್ಟಿದ್ದ ಮೂರು ಡಿಸ್ಕುಗಳು ಗಾಳಿಗೆ ತಿರುಗುತ್ತಿದ್ದವು. ಒಂದರ ಅಂಚಿನಲ್ಲಿ ಅಪ್ಪನ ಅಕ್ಷರ, ‘ಉತ್ತರಾರ್ಧ’. ಮಳೆಗೂ ಬಿಸಿಲಿಗೂ ಅದರ ಬೆಳ್ಳಿ ಪದರ ಕಳಚಿಹೋಗಿತ್ತು. ಎತ್ತಿ ಹಿಡಿದರೆ ಆಚೆಗಿನ ಅಡಿಕೆ ತೋಟ ಕಾಣುತ್ತಿತ್ತು.