ಯಾರ ಸ್ಲೈಡ್ ನೋಡಿ ಬರೆದೆ?

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಪುಣೆಯಿಂದ ಮುಂಬೈಗೆ ಬಂದಿದ್ದೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಹತ್ತನೇ ಇಯತ್ತೆಯ ಹುಡುಗನೊಬ್ಬ ಮೊಬೈಲ್ ಹಿಡಿದು ಹತ್ತಿರ ಬಂದ. ನಾನು ಕೋಶಗಳ ಮೇಲೆ ಸಂಶೋಧನೆ ಮಾಡುವವಳು, ನನ್ನ ಹೆಸರು ಹಾಕಿ ಹುಡುಕಿದ್ದ. "ಮೇಡಂ, ಈ ಎಚ್-ಇಂಡೆಕ್ಸ್ ಅಂದ್ರೆ ನಿಮ್ಮ ಮಾರ್ಕ್ಸಾ?" ಎಂದು ಕೇಳಿದ. ಆ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಶಾಲೆಯಿಂದ ಪತ್ರ ಬಂದಾಗ, ಅವನಿಗೇ ಉತ್ತರ ಬರೆಯೋಣ ಅನಿಸಿತು.

1988. ನಾನಾಗ ಎಂಟನೇ ಇಯತ್ತೆ. ಶಾಲೆಯಲ್ಲಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ, ನೋಡುವವರು ನಲವತ್ತು ಮಂದಿ. ಅಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಪ್ರಯೋಗಕ್ಕೆ ಈರುಳ್ಳಿ ಬೇಕು ಎಂದರೆ ನಾನೇ ತರುತ್ತಿದ್ದೆ. ನಮ್ಮ ಮನೆಯಲ್ಲಿ ಅದು ನೀರುಳ್ಳಿ, ಧಾರವಾಡದ ಕಡೆಯ ನಮ್ಮ ವಿಜ್ಞಾನದ ಟೀಚರ್‌ಗೆ ಉಳ್ಳಾಗಡ್ಡಿ, ಬಾಲಭಾರತಿ ಪುಸ್ತಕದಲ್ಲಿ ಈರುಳ್ಳಿ.

ಟೀಚರ್ ಅದನ್ನು ನಾಲ್ಕು ಹೋಳು ಮಾಡಿ, ಒಳಗಿನ ಪದರವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು. ಹಾಲಿನ ಕೆನೆಗಿಂತ ತೆಳ್ಳಗಿನ ಪೊರೆ. ಗಾಜಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಪೊರೆ, ಮೇಲೆ ಒಂದು ಹನಿ ಅಯೋಡಿನ್. ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನ ಇಳಿಸಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ. ಆವತ್ತು ನನ್ನ ಸ್ಲೈಡ್ ತುಂಬ ಗುಳ್ಳೆ. ಪಕ್ಕದ ಬೆಂಚಿನವಳದು ಚೆನ್ನಾಗಿ ಬಂದಿತ್ತು. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಕೋಶ, ಪ್ರತಿಯೊಂದರಲ್ಲೂ ಒಂದು ಕಂದು ಚುಕ್ಕೆ. ಅದನ್ನು ನೋಡಿ ನನ್ನ ಪುಸ್ತಕದಲ್ಲಿ ಚಿತ್ರ ಬಿಡಿಸಿದೆ.

ಟೀಚರ್ ಬಂದು ನೋಡಿದರು. "ಚಲೋ ಐತಿ. ಯಾರ ಸ್ಲೈಡ್ ನೋಡಿ ಬರೆದೆ?" ಹೇಳಿದೆ. "ಹಂಗಾದ್ರ ಅಕಿ ಹೆಸರು ಕೆಳಗ ಬರಿ." ಬೈಯಲಿಲ್ಲ, ಅಂಕ ಕಳೆಯಲಿಲ್ಲ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಅವಳ ಹೆಸರು ಬರೆಸಿ, ಆಮೇಲೆ ಸಹಿ ಹಾಕಿದರು. ಅಂದಿನಿಂದ ಇಡೀ ಕ್ಲಾಸಿಗೆ ಅದೇ ರೂಢಿಯಾಯಿತು.

ಕಮಲ್ ರಣದಿವೆಯವರ ಹೆಸರನ್ನು ಮೊದಲು ಕೇಳಿದ್ದೂ ಅವರಿಂದಲೇ. 1917ರಲ್ಲಿ ಪುಣೆಯಲ್ಲಿ ಹುಟ್ಟಿ ಹುಜೂರ್‌ಪಾಗಾ ಶಾಲೆಯಲ್ಲಿ ಓದಿದವರು. ಮುಂಬೈಯಲ್ಲಿ ಡಾಕ್ಟರ್ ಖಾನೋಲ್ಕರ್ ಅವರ ಕೈಕೆಳಗೆ ಕ್ಯಾನ್ಸರ್ ಸಂಶೋಧನೆ ಮಾಡಿದರು. ಅಮೆರಿಕಕ್ಕೆ ಹೋಗಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಜೊತೆ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವುದನ್ನು ಕಲಿತರು. ಪ್ರಸಿದ್ಧ ಹೀಲಾ ಕೋಶಗಳನ್ನು, ಅಂದರೆ ದೇಹದ ಹೊರಗೆ ನಿಲ್ಲದೆ ಬೆಳೆಯುತ್ತಲೇ ಹೋದ ಮೊದಲ ಮಾನವ ಕೋಶಗಳನ್ನು, ಬೆಳೆಸಿದ ಲ್ಯಾಬ್ ಅದು. ವಾಪಸು ಬಂದು ಮುಂಬೈಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. 1973ರಲ್ಲಿ ವಿಜ್ಞಾನಿ ಮಹಿಳೆಯರ ಸಂಘ ಶುರು ಮಾಡಿದರು, 1982ರಲ್ಲಿ ಪದ್ಮಭೂಷಣ ಬಂತು. "ನಮ್ಮ ಊರಾಗ ಆಗಿದ್ದು ಇದು, ಎಲ್ಲೋ ದೂರದಾಗ ಅಲ್ಲ" ಎಂದು ಟೀಚರ್ ಹೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಆ ಒಂದು ಲ್ಯಾಬಿನಲ್ಲಿ ಎಷ್ಟು ಜನ ಕೆಲಸ ಕಲಿತರು, ಅವರಿಂದ ಇನ್ನೆಷ್ಟು ಜನ ಕಲಿತರು ಅನ್ನುವುದು ಯಾವ ಇಂಡೆಕ್ಸಿನಲ್ಲೂ ಸಿಗುವುದಿಲ್ಲ.

ಈಗ ಆ ಹುಡುಗನ ಪ್ರಶ್ನೆ. ಎಚ್-ಇಂಡೆಕ್ಸ್ 10 ಅಂದರೆ, ನಾನು ಬರೆದ ಹತ್ತು ಸಂಶೋಧನಾ ಲೇಖನಗಳನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ತಲಾ ಹತ್ತು ಸಲವಾದರೂ ಹೆಸರಿಸಿದ್ದಾರೆ ಎಂದು. 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞರು ಮಾಡಿದ ಲೆಕ್ಕ ಇದು. ಅದಕ್ಕೂ ಮುಂಚೆ, 1964ರಲ್ಲಿ, ಯುಜೀನ್ ಗಾರ್ಫೀಲ್ಡ್ ಅವರು ಯಾರು ಯಾರನ್ನು ಹೆಸರಿಸಿದ್ದಾರೆ ಎಂಬ ದೊಡ್ಡ ಸೂಚಿಯನ್ನೇ ಹೊರತಂದಿದ್ದರು. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ಹುಡುಕಿಕೊಂಡು ಹೋಗಲು ದಾರಿ ಅದು. ಈಗ ಕೆಲಸ, ಬಡ್ತಿ, ಹಣ ಎಲ್ಲವನ್ನೂ ಇದರಿಂದಲೇ ಅಳೆಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ಕೋಶಶಾಸ್ತ್ರಜ್ಞರ ಸಂಘದ ಸಮ್ಮೇಳನ ನಡೆದಾಗ, ಸಂಶೋಧನಾ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಸರಾಸರಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಅಂಕಿ) ನೋಡಿ ಮನುಷ್ಯರನ್ನು ತೂಗಬೇಡಿ ಎಂಬ ಘೋಷಣೆ ಹುಟ್ಟಿದ್ದು ನಮ್ಮ ವಿಷಯದವರಿಂದಲೇ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಜಗತ್ತಿನಲ್ಲೇ ಅತಿ ಹೆಚ್ಚು ಸಲ ಉಲ್ಲೇಖವಾದ ಲೇಖನ ಯಾವುದು ಗೊತ್ತಾ? 1951ರಲ್ಲಿ ಆಲಿವರ್ ಲೌರಿ ಮತ್ತು ಜೊತೆಗಾರರು ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ, ಅಷ್ಟೇ. 3 ಲಕ್ಷಕ್ಕಿಂತ ಜಾಸ್ತಿ ಸಲ ಜನ ಅದನ್ನು ಹೆಸರಿಸಿದ್ದಾರೆ. ಅದೇನು ಮಹಾ ಲೇಖನವಲ್ಲ ಎಂದು ಲೌರಿಯವರೇ ಹೇಳಿದ್ದರು. ಆದರೂ ಅಷ್ಟು ಕೈಗಳಿಗೆ ಅದು ಉಪಯೋಗಕ್ಕೆ ಬಂತು ಅಲ್ವಾ?

ಇನ್ನೊಂದು ನನ್ನ ಮನಸ್ಸಿಗೆ ತೀರ ಹತ್ತಿರದ್ದು. ನಾವು ಇಲ್ಲಿ ನೀರುಳ್ಳಿ ಪೊರೆ ನೋಡುತ್ತಿದ್ದ ಅದೇ 1988ರಲ್ಲಿ, ಟೋಕಿಯೋದಲ್ಲಿ ಯೊಶಿನೊರಿ ಒಸುಮಿ ತಮ್ಮ ಸ್ವಂತ ಲ್ಯಾಬ್ ಶುರು ಮಾಡಿದ್ದರು. ವಯಸ್ಸು 43. ಯೀಸ್ಟ್ ಕೋಶಗಳನ್ನು ಉಪವಾಸ ಕೆಡವಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು. ಹಸಿದ ಕೋಶ ತನ್ನದೇ ಹಳೆಯ ಭಾಗಗಳನ್ನು ಕಟ್ಟಿ, ಒಡೆದು, ಮತ್ತೆ ಬಳಸಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಹಳೆ ಸೀರೆಗಳಿಂದ ಕೌದಿ ಹೊಲಿದ ಹಾಗೆ. ಆಟೊಫೇಜಿ ಎಂದು ಅದಕ್ಕೆ ಹೆಸರು. ಸಾವಿರಾರು ಯೀಸ್ಟ್ ತಳಿಗಳನ್ನು ಸೋಸಿ, ಈ ಕೆಲಸಕ್ಕೆ ಬೇಕಾದ 15 ಜೀನ್‌ಗಳ ಸುಳಿವನ್ನು ಅವರು 1993ರಲ್ಲಿ ಪ್ರಕಟಿಸಿದರು. ದೊಡ್ಡ ಹೆಸರಿನ ಪತ್ರಿಕೆಯಲ್ಲಲ್ಲ, ಎಫ್‌ಇಬಿಎಸ್ ಲೆಟರ್ಸ್‌ನಲ್ಲಿ. ಆಗ ಈ ವಿಷಯ ಓದುವವರೇ ಕಡಿಮೆ. ಮುಂದೆ ಅದೇ ಲೇಖನವನ್ನು ಎಷ್ಟೋ ಜನ ಹೆಸರಿಸಿದರು. 2016ರಲ್ಲಿ ನೊಬೆಲ್ ಅವರೊಬ್ಬರಿಗೇ ಬಂತು. ಆ ಸಂಜೆ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಚಹಾ, ಬಾಕರ್‌ವಡಿ ಹಂಚಿದೆವು.

ನನ್ನ ಮೊದಲ ಲೇಖನ ಬಂದ ಮೇಲೆ ಮೂರು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ಆಮೇಲೊಂದು ದಿನ ಯಾರೋ ಉಲ್ಲೇಖಿಸಿದ್ದಾರೆ ಎಂದು ಇಮೇಲ್ ಬಂತು. ತೆಗೆದು ನೋಡಿದರೆ ನನ್ನ ಫಲಿತಾಂಶಕ್ಕಲ್ಲ, ಕೋಶಗಳನ್ನು ಫಿಕ್ಸ್ ಮಾಡಿದ, ಅಂದರೆ ದ್ರಾವಣ ಹಾಕಿ ಇದ್ದ ಹಾಗೇ ನಿಲ್ಲಿಸಿದ, ವಿಧಾನಕ್ಕೆ. ಮುಂದೆ ಬಂದವೂ ಹೆಚ್ಚಿನವು ಅದಕ್ಕೇ.

ಆ ವಿಧಾನ ನನ್ನದಾಗಿರಲಿಲ್ಲ. ನಮ್ಮ ಲ್ಯಾಬಿನ ಹಳೆಯ ಟೆಕ್ನಿಷಿಯನ್ ಒಬ್ಬರದು, ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಥಂಡಿ ದ್ರಾವಣ ಸುರಿದರೆ ಕೋಶದೊಳಗಿನ ಸಣ್ಣ ಎಳೆಗಳು ಕುಸಿದುಹೋಗುತ್ತವೆ. ಅದನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಬೇಕು. ನಮ್ಮ ಕೋಶಗಳಿಗೆ ಎಷ್ಟು ಹೊತ್ತು, ಎಷ್ಟು ನಿಧಾನ ಸುರಿಯಬೇಕು ಎಂದು ತಿಂಗಳುಗಟ್ಟಲೆ ನೋಡಿ ನೋಡಿ ಹದ ಕಂಡುಕೊಂಡವರು ಅವರು. ಬಾಟಲಿಯನ್ನು ಕೆನ್ನೆಗೆ ತಾಗಿಸಿ ನೋಡಿ, "ಆತ್ತಾ ಟಾಕ್" ಅನ್ನುತ್ತಿದ್ದರು, ಈಗ ಹಾಕು ಎಂದು. ಲೇಖನದಲ್ಲಿ ಅವರ ಹೆಸರನ್ನು ನಾನು ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಮಾತ್ರ ಹಾಕಿದ್ದೆ. ಉಲ್ಲೇಖದ ಲೆಕ್ಕದಲ್ಲಿ ಆ ಸಾಲು ಬರುವುದೇ ಇಲ್ಲ. ಆ ಇಮೇಲ್ ಓದಿದಾಗ ಟೀಚರ್ ಪಕ್ಕದಲ್ಲಿ ನಿಂತು ಕೇಳಿದಂತಾಯಿತು.

ಮುಂದಿನ ಲೇಖನದಲ್ಲಿ ಕಾಕಾ ಲೇಖಕರಲ್ಲಿ ಒಬ್ಬರು. ಛಾಪಿಸಿದ ಪ್ರತಿಯನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದರಂತೆ. ಮೊದಲನೆಯದನ್ನು ಮಾತ್ರ ಈಗ ತಿದ್ದಲು ಬರುವುದಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗಾಗಿ ತಮ್ಮಾ, ಅದು ಮಾರ್ಕ್ಸ್ ಅಲ್ಲ. ಅಷ್ಟು ಜನ ತಮ್ಮ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿದ್ದಾರೆ, ಅಷ್ಟೇ. ಅದರಲ್ಲಿ ಕೆಲವು ಕಡೆ ಕಾಕಾನ ಹೆಸರು ಇರಬೇಕಿತ್ತು.

ಈ ಸಲದ ವಾರ್ಷಿಕೋತ್ಸವಕ್ಕೆ ಬರುವಾಗ ಎರಡು ಬಾಕ್ಸ್ ಸ್ಲೈಡ್, ಕವರ್‌ಸ್ಲಿಪ್, ಒಂದು ಬಾಟಲಿ ಅಯೋಡಿನ್ ತರುತ್ತೇನೆ. ಉಳ್ಳಾಗಡ್ಡಿ ನೀವು ತನ್ನಿ.