ಲಾರೆನ್ಸರ ಪಟ್ಟಿಯಲ್ಲಿದ್ದವರು

ಆಗಸ್ಟ್ 10, 2024, ಶನಿವಾರ

ಇವತ್ತು ಸಂತ ಲಾರೆನ್ಸರ ಹಬ್ಬ. ಕಾರ್ಕಳ ಕಡೆಯವರಿಗೆ ಲಾರೆನ್ಸ್ ಅಂದರೆ ಜನವರಿಯ ಅತ್ತೂರು ಸಾಂತ್‌ಮಾರಿ, ಅಲ್ಲಿಯ ಚರ್ಚಿನ ವಾರ್ಷಿಕ ಜಾತ್ರೆ. ಆ ಜನಜಂಗುಳಿ, ಮೇಣದ ಬತ್ತಿ, ಜಾತಿಮತ ನೋಡದೆ ಹರಕೆ ಹೊತ್ತು ಬರುವವರು. ತುಳುವರ ಆಟಿ ತಿಂಗಳ ಮಳೆಯಲ್ಲಿ ಬರುವ ಈ ದಿನ ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ಆದರೆ ಲಾರೆನ್ಸ್ ರೋಮಿನಲ್ಲಿ ಪ್ರಾಣ ಬಿಟ್ಟದ್ದು ಇದೇ ದಿನ, ಕ್ರಿ.ಶ. 258ರಲ್ಲಿ.

ಪಟಗಳಲ್ಲಿ ಅವರ ಪಕ್ಕ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಅದರ ಮೇಲೆ ಮಲಗಿಸಿ ಸುಡುವಾಗ "ಈ ಮಗ್ಗುಲು ಬೆಂದಿದೆ, ಹೊರಳಿಸಿ" ಅಂದರಂತೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಬಿಷಪರು, ಪಾದ್ರಿಗಳು, ಡೀಕನರು (ಪಾದ್ರಿಗಿಂತ ಕೆಳಗಿನ ಹಂತದ ಚರ್ಚಿನ ಸೇವಕರು) ಸಿಕ್ಕಲ್ಲೇ ಕೊಲ್ಲಿ ಎಂಬುದು ರೋಮಿನ ವಲೇರಿಯನ್ ಚಕ್ರವರ್ತಿಯ ಆಜ್ಞೆ. ನಾಲ್ಕು ದಿನ ಮೊದಲು, ಆಗಸ್ಟ್ 6ರಂದು, ಪೋಪ್ ಎರಡನೇ ಸಿಕ್ಸ್ಟಸರ ಕತೆ ಮುಗಿಸಿದ್ದರು. ಆ ಅವಸರದಲ್ಲಿ ಕೆಂಡ ಹೊತ್ತಿಸುತ್ತಾ ಕೂರುವವರು ಯಾರು?

ನನ್ನನ್ನು ಹಿಡಿದು ನಿಲ್ಲಿಸುವುದು ಲಾರೆನ್ಸರ ಸಾವಿಗೂ ಮುಂಚಿನ ಮೂರು ದಿನ. ಲಾರೆನ್ಸ್ ರೋಮಿನ ಏಳು ಡೀಕನರಲ್ಲಿ ಒಬ್ಬರು. ಚರ್ಚಿನ ದುಡ್ಡು, ಬಡವರ ಖರ್ಚುವೆಚ್ಚ ನೋಡಿಕೊಳ್ಳುವುದು ಡೀಕನರ ಪಾಲಿನ ಕೆಲಸ. ಅದೇನು ಸಣ್ಣ ಕೆಲಸವಲ್ಲ. 251ರ ಹೊತ್ತಿಗೆ ಪೋಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ರೋಮಿನ ಚರ್ಚು 1500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು. ಅದೂ ಯಾವಾಗ ಯಾರ ತಲೆ ಹೋಗುತ್ತದೋ ತಿಳಿಯದ ಕಾಲದಲ್ಲಿ.

ಚರ್ಚಿನ ಭಂಡಾರ ಒಪ್ಪಿಸು ಎಂದು ನಗರದ ಅಧಿಕಾರಿ ಕೇಳಿದ. ಲಾರೆನ್ಸ್ ಮೂರು ದಿನ ಗಡುವು ಕೇಳಿದರು. ಅಷ್ಟರೊಳಗೆ ಇದ್ದಬದ್ದದ್ದನ್ನೆಲ್ಲ ಹಂಚಿಬಿಟ್ಟು, ಕುಂಟರು, ಕುರುಡರು, ಅನಾಥರನ್ನು ಕರೆತಂದು ನಿಲ್ಲಿಸಿ, "ಇವರೇ ಚರ್ಚಿನ ಸಂಪತ್ತು" ಅಂದರು ಎಂಬುದು ಪರಂಪರೆಯ ಕಥೆ. ಪ್ರವಚನಗಳಲ್ಲಿ ಇದನ್ನು ತೆನಾಲಿ ರಾಮನ ಚಮತ್ಕಾರದ ಹಾಗೆ ಹೇಳಿ ನಗಿಸುತ್ತಾರೆ. ನನಗೆ ಕಾಣುವುದೇ ಬೇರೆ. ಅಷ್ಟು ಜನರನ್ನು ಮೂರೇ ದಿನದಲ್ಲಿ ಒಟ್ಟು ಮಾಡಬೇಕಾದರೆ ಯಾವ ಕುರುಡ ಯಾವ ಓಣಿಯಲ್ಲಿದ್ದಾನೆ, ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿ ತರಬೇಕು, ಇದೆಲ್ಲ ಮೊದಲೇ ಗೊತ್ತಿರಬೇಕು. ವರ್ಷಗಟ್ಟಲೆ ಮನೆಮನೆಗೆ ಹೋಗಿ ಕೊಟ್ಟವನಿಗೆ ಮಾತ್ರ ಸಾಧ್ಯ. ಸಾಂತ್‌ಮಾರಿಗೆ ಹೋದಾಗ ಸಾಲಾಗಿ ಕೂತವರ ತಟ್ಟೆಗೆ ಚಿಲ್ಲರೆ ಎಸೆಯುವುದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ!

ಈ ಕಥೆಯನ್ನು ಬರೆದಿಟ್ಟವರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಒಬ್ಬರು, ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೊಂದು ಕಾರಣವೂ ಇತ್ತು. ಸೆರೆಯಾಳುಗಳನ್ನು ಬಿಡಿಸಲು ಅವರು ಚರ್ಚಿನ ಪವಿತ್ರ ಪಾತ್ರೆಗಳನ್ನೇ ಒಡೆಸಿ ಕರಗಿಸಿದ್ದರು. ಆಗದವರು ಅದನ್ನೇ ಹಿಡಿದುಕೊಂಡು ದೂರಿದರು. ಚಿನ್ನ ಇರುವುದು ಕಾಯಲಿಕ್ಕಲ್ಲ, ಕಷ್ಟಕ್ಕೆ ಖರ್ಚು ಮಾಡಲಿಕ್ಕೆ ಎಂದು ಆಂಬ್ರೋಸ್ ವಾದಿಸಿ, ಸಾಕ್ಷಿಗೆ ಲಾರೆನ್ಸರನ್ನು ತಂದು ನಿಲ್ಲಿಸಿದರು.