ಸ್ವಸಂತೋಷದಿಂದ

ಅಮ್ಮ, ತಂಗಿ, ನಾನು ಅಣ್ಣನ ಕಾರಿನಲ್ಲಿ ಶಿರಸಿಗೆ ಬಂದಿಳಿದಾಗ ಆಸ್ತಿಪತ್ರ ಬರೆಯುವವರ ಖೋಲಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಚಾ ಕುಡಿದೆವು. ನನಗೆ ಬನ್ಸ್ ಇಷ್ಟ ಎಂದು ನೆನಪಿಟ್ಟು ಅಣ್ಣ ಎರಡು ಪ್ಲೇಟ್ ಹೇಳಿದ. ಅಪ್ಪನ ವರ್ಷಾಂತಿಕ ಮುಗಿದಿತ್ತು, ಪಹಣಿಯಲ್ಲಿ ಮಾತ್ರ ಇನ್ನೂ ಅವರ ಹೆಸರೇ. "ಒಂದು ಸಹಿ ಅಷ್ಟೇಯ" ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ.

ತೋಟದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ಮನಸ್ಸಿನಿಂದಲೇ ಹೋಗಿದ್ದೆ. ಇದನ್ನು ಮೊದಲೇ ಹೇಳದಿದ್ದರೆ ನಾನೇನೋ ಜಗಳಕ್ಕೆ ಸೆರಗು ಕಟ್ಟಿ ಹೊರಟವಳು ಎಂದಾದೀತು. ಇರುವುದು ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ. ಕೊಳೆರೋಗ ಬಿದ್ದ ವರ್ಷ ಅರ್ಧ ಫಸಲು ಮರದ ಬುಡಕ್ಕೆ. ಮಳೆಯಲ್ಲಿ ಅಡಿಕೆ ಗೊನೆಗಳಿಗೆ ಮದ್ದು ಹೊಡೆಸಲು ಒದ್ದಾಡುವವನು ಅಣ್ಣನೇ, ಸುಳ್ಳಲ್ಲ. ಆದರೆ ಮದುವೆಯಾಗುವತನಕ ಪ್ರತಿ ಕೊಯ್ಲಿನಲ್ಲೂ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಅಡಿಕೆ ಸುಲಿದವರು ನಾನು, ತಂಗಿ, ಅಮ್ಮ. ಚೊಗರು ಹತ್ತಿದ ಬೆರಳು ವಾರಗಟ್ಟಲೆ ಕಪ್ಪಗಿರುತ್ತಿತ್ತು. ಬೇರೆಯವರ ಮನೆಯಿಂದ ಸುಲಿಯಲು ಬಂದವರ ಲೆಕ್ಕವನ್ನು ಅಪ್ಪ ಡಬ್ಬಿ ಎಣಿಸಿ ಬರೆದಿಡುತ್ತಿದ್ದರು. ನಮ್ಮದನ್ನು ಬರೆಯುವ ಪದ್ಧತಿ ಇರಲಿಲ್ಲ.

ನನ್ನ ಮದುವೆ 1994ರ ಮೇ ತಿಂಗಳಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು ಅದೇ ವರ್ಷ ಜುಲೈ 30ಕ್ಕೆ. ಅದಕ್ಕಿಂತ ಮೊದಲು ಮದುವೆಯಾದವರಿಗೆ ಇಲ್ಲ. 1997ರಲ್ಲಿ ಮದುವೆಯಾದ ತಂಗಿಗೆ ಉಂಟು. ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರು ನಾವು. ಎರಡೂವರೆ ತಿಂಗಳ ಮುಹೂರ್ತದಿಂದಾಗಿ ಹನ್ನೊಂದು ವರ್ಷ ಅವಳು ಪಾಲುದಾರಳು, ನಾನು ನೆಂಟರ ಪೈಕಿ! 2005ರ ಕೇಂದ್ರ ತಿದ್ದುಪಡಿ ಬಂದು ಆ ಭೇದ ಹೋಯಿತು. ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೆಲ್ಲ ನಮ್ಮಿಬ್ಬರಿಗೂ ಗೊತ್ತಾದದ್ದು ವಕೀಲಿ ಓದುತ್ತಿರುವ ನನ್ನ ಮಗಳಿಂದ. ಅಣ್ಣನಿಗೆ ಮೊದಲೇ ಗೊತ್ತಿತ್ತು. ಇಲ್ಲದಿದ್ದರೆ ನಮ್ಮ ಸಹಿ ಅವನಿಗೇಕೆ ಬೇಕು?

ಖೋಲಿಯಲ್ಲಿ ಅಮ್ಮ ಮೊದಲು ಸಹಿ ಹಾಕಿದಳು, ಓದಲಿಲ್ಲ. ನಾಲ್ಕನೇ ಇಯತ್ತೆಯ ಅದೇ ದುಂಡು ಅಕ್ಷರ. ತಂಗಿಯೂ ಹಾಕಿದಳು. ನಾನು ಕನ್ನಡಕ ಹಾಕಿಕೊಂಡೆ.

"ಅರಿಶಿನ ಕುಂಕುಮದ ಬಾಬ್ತು ಇಪ್ಪತ್ತೈದು ಸಾವಿರ ರೂಪಾಯಿ ಸ್ವೀಕರಿಸಿ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ." ಹಕ್ಕು ಬಿಡುವುದಕ್ಕೆ ತಯಾರಾಗಿದ್ದವಳಿಗೆ ಆ ಒಂದು ಶಬ್ದ ಯಾಕೆ ಹಾಗೆ ಚುಚ್ಚಿತೋ.

"ಸ್ವಸಂತೋಷ ಅಂತ ಇದ್ಯಲ್ಲ, ಅದನ್ನು ತೆಗೀಲಿಕ್ಕೆ ಆಗ್ತದಾ?" ಕೇಳಿದೆ.

ಪತ್ರ ಬರೆಯುವವರು ನಕ್ಕರು. "ಆ ಶಬ್ದ ಇಲ್ಲದಿದ್ರೆ ಪತ್ರ ನಿಲ್ಲೂದಿಲ್ಲ ಅಕ್ಕಾ. ಎಲ್ಲರೂ ಹಾಕ್ತಾರೆ."

ನನಗೆ ಆಗ ಅಜ್ಜಿ ಹೇಳುತ್ತಿದ್ದ ಮಾವಿನಗುಂಡಿಯ ಕತೆ ನೆನಪಾಯಿತು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಸಿದ್ದಾಪುರ ಸೀಮೆಯ ರೈತರ ಜಮೀನನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿ ಮಾರಿತ್ತು. ಕೊಂಡವರ ಮನೆಯ ಮುಂದೆ 1932ರಲ್ಲಿ ಉಪವಾಸ ಕೂತವರು ಹೆಂಗಸರು. ಚಿಕ್ಕವಳಿದ್ದಾಗ ಇದನ್ನು ಕೇಳಿ ಮೈ ಜುಮ್ಮೆನ್ನುತ್ತಿತ್ತು. ಅವತ್ತು ಖೋಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಮೊದಲ ಸಲ ಹೊಳೆಯಿತು: ಅವರು ಅನ್ನ ಬಿಟ್ಟು ಕೇಳಿದ ಆ ಜಮೀನುಗಳು ಹೆಚ್ಚಾಗಿ ಗಂಡಂದಿರ, ಮಾವಂದಿರ ಹೆಸರಿನವು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ. ಪಹಣಿ ಬೇರೆ.

"ಇವತ್ತು ಬೇಡ" ಎಂದೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ತವರುಮನೆ ಬೇಡ ಆತಾ ನಿಂಗೆ?" ಎಂದಷ್ಟೇ ಕೇಳಿದ. ತಂಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಹೋಗುವಾಗ ಮಾತಾಡುತ್ತಿದ್ದ ಕಾರು ಬರುವಾಗ ಗಪ್‌ಚಿಪ್. ಊರ ತಿರುವಿನಲ್ಲಿ ಅಣ್ಣ ಅತ್ತಿಗೆಗೆ ಫೋನ್ ಮಾಡಿ "ಇಲ್ಲೆ, ಆಜಿಲ್ಲೆ" ಎಂದ. ಅಂಗಳದಲ್ಲಿ ಇಳಿದಾಗ ಅತ್ತಿಗೆ ಎಂದಿನ ಹಾಗೆ ಕೈಕಾಲಿಗೆ ನೀರು ಕೊಟ್ಟಳು. ಮುಖ ಮಾತ್ರ ಬೇರೆ ಕಡೆ.

ನಾನು ಮಾಡಿದ್ದು ಸರಿಯೇ ಎಂದು ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೊನೆಗೆ ಪಾಲು ತೆಗೆದುಕೊಳ್ಳುತ್ತೇನೋ ಬಿಡುತ್ತೇನೋ, ಅದೂ ಗೊತ್ತಿಲ್ಲ.

ರಾತ್ರಿ ಅಮ್ಮನ ಪಕ್ಕ ಹಾಸಿಕೊಂಡೆ. ಅವಳಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಜಗುಲಿಯ ದೀಪ ಆರಿ ಎಷ್ಟೋ ಹೊತ್ತಾದ ಮೇಲೆ ಮಗ್ಗುಲು ಬದಲಿಸಿ ಮೆಲ್ಲಗೆ ಕೇಳಿದಳು:

"ಕೂಸೇ, ಆ ಕಾಗದದಲ್ಲಿ ಯನ್ನ ಪಾಲೂ ಇದ್ದಿತ್ತಾ?"